ತರಗತಿ ಕೊಠಡಿಗೆ ಅಗತ್ಯವಾದ ಬೆಳಕಿನ ಲೆಕ್ಕಾಚಾರ

ಶಾಲಾ ಕೊಠಡಿಗೆ ವಿದ್ಯುತ್ ಸಂಪರ್ಕ ಕೋರುವ ಅರ್ಜಿದಾರರು ದೀಪಗಳ ಸಂಖ್ಯೆಯನ್ನು ವ್ಯಾಟ್ ಆಧಾರದ ಮೇಲೆ ಅಂದಾಜಿಸುವುದು ಸರಿಯಲ್ಲ. ವ್ಯಾಟ್ ಎಂಬುದು ದೀಪವು ಬಳಸುವ ವಿದ್ಯುತ್ತಿನ ಅಳತೆಯೇ ಹೊರತು ಬೆಳಕಿನದಲ್ಲ. ದೀಪ ನೀಡುವ ಬೆಳಕನ್ನು ಲ್ಯೂಮೆನ್‌ನಲ್ಲಿಯೂ, ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್ ಪ್ರಮಾಣವನ್ನು ಲಕ್ಸ್‌ನಲ್ಲಿಯೂ ಅಳೆಯಲಾಗುತ್ತದೆ.

ತರಗತಿಗೆ 300 ಲಕ್ಸ್ ಎಂದಿಟ್ಟುಕೊಂಡಲ್ಲಿ, 8 ಮೀಟರ್ ಉದ್ದ, 6 ಮೀಟರ್ ಅಗಲದ ಕೊಠಡಿಯಲ್ಲಿ ಮೇಜಿನ ಮಟ್ಟಕ್ಕೆ 48 × 300 = 14,400 ಲ್ಯೂಮೆನ್ ತಲುಪಬೇಕು. ಅನೇಕರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಗೋಡೆ, ಛಾವಣಿಗಳು ಬೆಳಕನ್ನು ಹೀರುತ್ತವೆ. ಧೂಳು ಹಾಗೂ ದೀಪದ ಸವೆತದಿಂದಲೂ ಅದು ಕುಗ್ಗುತ್ತದೆ. ಇವುಗಳಿಗೆ ಕ್ರಮವಾಗಿ 0.6 ಮತ್ತು 0.8 ಗುಣಾಂಕ ಹಿಡಿದು ಭಾಗಿಸಿದರೆ 30,000 ಲ್ಯೂಮೆನ್, ಅರ್ಥಾತ್ ತಲಾ 2,000 ಲ್ಯೂಮೆನ್‌ನ 15 ಎಲ್‌ಇಡಿ ಕೊಳವೆ ದೀಪಗಳು. ಗುಣಾಂಕ ಬಿಟ್ಟವರಿಗೆ 8 ದೀಪಗಳೇ ಸಾಕೆನಿಸುತ್ತವೆ; ಮಕ್ಕಳು ಅರೆಬೆಳಕಿನಲ್ಲಿ ಓದಬೇಕಾಗುತ್ತದೆ.

ಗೋಡೆಗಳಿಗೆ ತಿಳಿಬಣ್ಣ ಬಳಿದಲ್ಲಿ ಮೊದಲನೆಯ ಗುಣಾಂಕ ಏರಿ, ಕಡಿಮೆ ದೀಪಗಳು ಸಾಲುತ್ತವೆ.