ದೇವಾಲಯದ ನಾಮಫಲಕ: ಶಿಲೆಯಿಂದ ಫ್ಲೆಕ್ಸ್‌ವರೆಗೆ

ಜಾತ್ರೆ ಹತ್ತಿರ ಬಂದಿತೆಂದರೆ ಯಾವ ದೇವಸ್ಥಾನದ ಸಮಿತಿಯಲ್ಲೂ ಬೋರ್ಡಿನ ಮಾತು ಬಂದೇ ಬರುತ್ತದೆ. ಎಷ್ಟು ದೊಡ್ಡದು ಬೇಕು, ಯಾವುದರಲ್ಲಿ ಮಾಡಿಸಬೇಕು, ಚದರಡಿಗೆ ದರ ಎಷ್ಟು ಎಂದು ಚರ್ಚೆ ನಡೆದು, ಕೊನೆಗೆ ಕಡಿಮೆ ದರ ಹೇಳಿದವರಿಗೆ ಕೆಲಸ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಅದೇ ಚರ್ಚೆ. ಭಕ್ತಾದಿಗಳು ಹುಂಡಿಗೆ ಹಾಕಿದ ಕಾಣಿಕೆ ಎಷ್ಟು ಕಾಲ ಬಾಳುವ ವಸ್ತುವಿಗೆ ಸಲ್ಲಬೇಕು ಎಂಬ ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ.

ಕನ್ನಡದ ಹಳೆಯ ಬರಹಗಳು ಉಳಿದುಬಂದಿರುವುದು ಶಿಲೆಯಲ್ಲಿ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರ ಕಾಲದ್ದು. ತಾಳವಾಡಿಗೆ ನೆರೆಯದಾದ ಚಾಮರಾಜನಗರ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟಿಸಿದರು. ಯಾವ ದೇವರಿಗೆ ಯಾರು ಯಾವ ಭೂಮಿ ಬಿಟ್ಟರು ಎಂಬುದು ಇಂದಿಗೂ ತಿಳಿಯುವುದು ಇಂತಹ ಕಲ್ಲುಗಳಿಂದಲೇ. ಬಳಪದಲ್ಲಿ ಬರೆದಿದ್ದರೆ ಒಂದು ಮಳೆಗೆ ಹೋಗುತ್ತಿತ್ತು.

ರೈಲು, ಅಂಚೆ ಮೊದಲಾದವು ಬಂದ ಮೇಲೆ ಎನಾಮಲ್ ಬೋರ್ಡುಗಳು ಬಂದವು. ಕಬ್ಬಿಣದ ತಗಡಿನ ಮೇಲೆ ಗಾಜಿನ ಪುಡಿಯ ಲೇಪ ಕೊಟ್ಟು ಸುಮಾರು 800 ಡಿಗ್ರಿ ಶಾಖದಲ್ಲಿ ಸುಟ್ಟು ಮಾಡುವ ಈ ಬೋರ್ಡುಗಳ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ಪೆಟ್ಟು ಬಿದ್ದು ಲೇಪ ಸಿಡಿದರೆ ಮಾತ್ರ ಅಲ್ಲಿಂದ ತುಕ್ಕು ಹಿಡಿಯುತ್ತದೆ. ಹಳ್ಳಿಗಳಿಗೆ ಇದು ದುಬಾರಿ. ಅಲ್ಲಿ ಮರದ ಚೌಕಟ್ಟಿಗೆ ತಗಡು ಹೊಡೆದು, ರೆಡ್ ಆಕ್ಸೈಡ್ ಬಳಿದು, ಆರ್ಟಿಸ್ಟ್ ಕೈಯಲ್ಲಿ ಬರೆಸುವ ಪದ್ಧತಿ ಬಹುಕಾಲ ನಡೆಯಿತು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಗೆರೆ ಮಿಡಿದು, ಒತ್ತಕ್ಷರಕ್ಕೆ ಜಾಗ ಬಿಟ್ಟು ಬರೆಯುವ ಆ ಕೈಗಳಿಗೆ ಕನ್ನಡ ಚೆನ್ನಾಗಿ ಗೊತ್ತಿತ್ತು. ಮಾಸಿದಾಗ ಅದೇ ತಗಡಿನ ಮೇಲೆ ಮತ್ತೆ ಬರೆಸಬಹುದಾಗಿತ್ತು. ಹೊಸ ಖರ್ಚು ಬಣ್ಣಕ್ಕೆ ಮತ್ತು ಕೂಲಿಗೆ ಮಾತ್ರ.

ಹಾಗೆ ಮತ್ತೆ ಬರೆಸುವ ಪ್ರಸಂಗ ತಾಳವಾಡಿಯಲ್ಲಿ ಪದೇ ಪದೇ ಬಂದಿತೆಂಬುದು ಗಮನಾರ್ಹ. 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗ ಕನ್ನಡ ಮಾತನಾಡುವ ಈ ಸೀಮೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1969ರಲ್ಲಿ ಆ ರಾಜ್ಯದ ಹೆಸರು ತಮಿಳುನಾಡು ಆಯಿತು. ಕೊಯಮತ್ತೂರು ಜಿಲ್ಲೆಯಲ್ಲಿದ್ದದ್ದು 1979ರಲ್ಲಿ ಪೆರಿಯಾರ್ ಜಿಲ್ಲೆಗೆ ಸೇರಿತು. ಆ ಜಿಲ್ಲೆ 1990ರ ದಶಕದ ಉತ್ತರಾರ್ಧದಲ್ಲಿ ಈರೋಡ್ ಜಿಲ್ಲೆ ಎನಿಸಿತು. ಸತ್ಯಮಂಗಲ ತಾಲ್ಲೂಕಿನಲ್ಲಿದ್ದ ತಾಳವಾಡಿ 2016ರಲ್ಲಿ ತಾನೇ ಒಂದು ತಾಲ್ಲೂಕಾಯಿತು. ದೇವರು ಕುಳಿತ ಜಾಗ ಬಿಟ್ಟು ಕದಲಲಿಲ್ಲ, ಊರೂ ಕದಲಲಿಲ್ಲ. ಬೋರ್ಡಿನ ಕೆಳಸಾಲು ಮಾತ್ರ ನಾಲ್ಕು ಸಲ ಬದಲಾಯಿತು! ಇದರಲ್ಲಿ ಸಮಿತಿಯವರಿಗೆ ಒಂದು ಪಾಠವಿದೆ. ಕಲ್ಲಿನಲ್ಲಿ ಕೆತ್ತಿಸುವುದಾದರೆ ದೇವರ ಹೆಸರು, ಊರಿನ ಹೆಸರು, ವರ್ಷ ಇಷ್ಟೇ ಸಾಕು. ತಾಲ್ಲೂಕು, ಜಿಲ್ಲೆ, ಪದಾಧಿಕಾರಿಗಳ ಪಟ್ಟಿ ಇವೆಲ್ಲ ಬದಲಿಸಬಹುದಾದ ಫಲಕದಲ್ಲಿರಲಿ.

ನಂತರ ಬಂದದ್ದು ಫ್ಲೆಕ್ಸ್. ಪಾಲಿಯೆಸ್ಟರ್ ನೂಲಿನ ಬಲೆಗೆ ಪಿ.ವಿ.ಸಿ. ಲೇಪ ಕೊಟ್ಟ ಈ ಹಾಳೆಯನ್ನು ಬೆಳಿಗ್ಗೆ ಹೇಳಿದರೆ ಸಂಜೆಗೆ ಅಚ್ಚು ಹಾಕಿ ಕೊಡುತ್ತಾರೆ, ದರವೂ ಅಗ್ಗ. ಆದರೆ ಒಂದೆರಡು ಬೇಸಿಗೆಗೆ ಬಣ್ಣ ಬಿಳಿಚಿಕೊಂಡು ಅಂಚು ಹರಿಯುತ್ತದೆ. ಸುಟ್ಟರೆ ವಿಷದ ಹೊಗೆ, ಎಸೆದರೆ ಮಣ್ಣಲ್ಲಿ ಕರಗದು. 2013ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಿತವಾದ ಸತ್ಯಮಂಗಲದ ಕಾಡಿನ ಅಂಚಿನ ಊರುಗಳಿಗೆ ಇದು ಸಣ್ಣ ಮಾತಲ್ಲ. ಬೆಂಗಳೂರಿನಲ್ಲಿ 2018ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಸಾವಿರಾರು ಫ್ಲೆಕ್ಸ್‌ಗಳನ್ನು ಕಿತ್ತುಹಾಕಲಾಯಿತು. 2019ರ ಸೆಪ್ಟೆಂಬರಿನಲ್ಲಿ ಚೆನ್ನೈನಲ್ಲಿ ರಸ್ತೆಯ ಬ್ಯಾನರೊಂದು ಮೈಮೇಲೆ ಬಿದ್ದು, ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವತಿಯೊಬ್ಬಳು ಹಿಂದೆ ಬಂದ ಲಾರಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಳು.

ಆದ್ದರಿಂದ ದೊಡ್ಡ ಬೋರ್ಡಿನ ಲೆಕ್ಕದಲ್ಲಿ ಗಾಳಿಯನ್ನೂ ಸೇರಿಸಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಪ್ರತಿ ಚದರಡಿಗೆ ನಾಲ್ಕು ಕಿಲೋಗೂ ಮಿಕ್ಕಿ ಒತ್ತುತ್ತದೆ. 20 ಅಡಿ ಅಗಲ 10 ಅಡಿ ಎತ್ತರದ ಬೋರ್ಡೆಂದರೆ 200 ಚದರಡಿ. ಅದರ ಮೇಲೆ 800 ಕಿಲೋಗೂ ಹೆಚ್ಚಿನ ಒತ್ತಡ. ಬಿದಿರಿನ ಗಳ, ಸೆಣಬಿನ ಹಗ್ಗ ಇದಕ್ಕೆ ಆಗದು. ಕೆಳಗೆ ಮಕ್ಕಳು, ವೃದ್ಧರು ಸಾಲಿನಲ್ಲಿ ನಿಂತಿರುತ್ತಾರೆಂಬುದನ್ನು ಮರೆಯಬಾರದು.

ಹೀಗಾಗಿ ದರಪಟ್ಟಿ ಕೇಳುವಾಗ ಹಲಗೆಯ ಚದರಡಿ ದರ, ಕಬ್ಬಿಣದ ಚೌಕಟ್ಟಿನ ತೂಕ, ಕಂಬದ ಗುಂಡಿ ಮತ್ತು ಕಾಂಕ್ರೀಟ್, ಸಾಗಣೆ, ನಿಲ್ಲಿಸುವ ಕೂಲಿ, ತೆರಿಗೆ ಇವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಬಾಳಿಕೆಯಿಂದ ಭಾಗಿಸಿ ನೋಡಬೇಕು. ಫ್ಲೆಕ್ಸಿಗೆ ಒಂದು ಪಾಲು ಖರ್ಚು, ಬಾಳಿಕೆ ಒಂದು ವರ್ಷ ಎನ್ನೋಣ. ಇನ್ನೊಂದಕ್ಕೆ ಐದು ಪಾಲು ಖರ್ಚಾಗಿ ಹತ್ತು ವರ್ಷ ಬಾಳಿದರೆ ಎರಡನೆಯದೇ ಅರ್ಧ ಬೆಲೆಗೆ ಬಿದ್ದಂತೆ. ಎರಡು ಅಲ್ಯುಮಿನಿಯಂ ತೆಳುಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಎ.ಸಿ.ಪಿ. ಹಲಗೆ ಹಗುರ, ತುಕ್ಕು ಹಿಡಿಯದು; ಅದರ ಮೇಲೆ ಅಂಟಿಸಿದ ಸ್ಟಿಕ್ಕರ್ ಮಾತ್ರ ಬೇಗ ಮಾಸುತ್ತದೆ. ಇನ್ನು ಕಲ್ಲು ದೂರದಿಂದ ಬರಬೇಕಿಲ್ಲ. ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೂ ಹೋಗುವಂಥದು. ಅಲ್ಲಿಂದ ತಾಳವಾಡಿಗೆ ಘಾಟಿ ಹತ್ತಬೇಕಾಗಿಲ್ಲ. ಸತ್ಯಮಂಗಲದಿಂದ ತರಿಸಿದರೆ ದಿಂಬಂನ 27 ತಿರುವು ಹತ್ತಬೇಕು. 2022ರ ಫೆಬ್ರುವರಿಯಲ್ಲಿ ಆ ಘಾಟಿಯ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿತು.

ಅಕ್ಷರದ ಅಳತೆಗೂ ಲೆಕ್ಕವಿದೆ. ಹತ್ತಡಿ ದೂರಕ್ಕೆ ಒಂದಂಗುಲ ಎತ್ತರ ಎಂಬುದು ಸಾಮಾನ್ಯ ನಿಯಮ. ನೂರಡಿ ದೂರದ ರಸ್ತೆಗೆ ಹತ್ತಂಗುಲದ ಅಕ್ಷರ. ಕನ್ನಡಕ್ಕೆ ಒತ್ತಿನ ಜಾಗ ಬೇರೆ ಬೇಕು. ಇದಕ್ಕಿಂತ ಮುಖ್ಯವಾದುದು ತಪ್ಪಿಲ್ಲದ ಬರಹ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಕನ್ನಡ ಬಾರದವರು ತಮಿಳು ನೋಡಿಕೊಂಡು ಟೈಪು ಮಾಡಿದರೆ ವರನಟ ಡಾ. ರಾಜಕುಮಾರ್ ಅವರು 1929ರಲ್ಲಿ ಹುಟ್ಟಿದ ಗಾಜನೂರು ‘ಕಾಜನೂರು’ ಆದೀತು, ಗೋರೆಹಬ್ಬದ ಗುಮಟಾಪುರ ‘ಕುಮ್ಟಾಪುರಂ’ ಆದೀತು. ತಮಿಳುನಾಡಿನಲ್ಲಿ ಅಂಗಡಿ ಬೋರ್ಡಿಗೆ ತಮಿಳು ಪ್ರಧಾನವಾಗಿರಬೇಕೆಂಬ ನಿಯಮವಿದೆ. ಗಡಿಯ ಆಚೆ ಕರ್ನಾಟಕದಲ್ಲಿ 2024ರಿಂದ ಶೇ. 60 ಕನ್ನಡವಿರಬೇಕೆಂಬ ಕಾನೂನು. ಎರಡೂ ಭಾಷೆಯ ಭಕ್ತರು ಬರುವ ದೇವಾಲಯದ ಬಾಗಿಲಲ್ಲಿ ಎರಡೂ ಬರಹ ಶುದ್ಧವಾಗಿರುವುದೇ ಭೂಷಣ. ಅಚ್ಚಿಗೆ ಹೋಗುವ ಮುನ್ನ ಊರಿನ ಕನ್ನಡ ಮೇಷ್ಟರಿಗೊಮ್ಮೆ, ತಮಿಳು ಮೇಷ್ಟರಿಗೊಮ್ಮೆ ತೋರಿಸಿದರೆ ಕಾಸಿನ ಖರ್ಚಿಲ್ಲ.

ತೇರು ಎಳೆಯುವ ದಿನ ತಾತನ ಕೈಹಿಡಿದು ಬಂದ ಮಗು ತನ್ನ ಊರಿನ ಹೆಸರನ್ನು ಮೊದಲು ಕೂಡಿಸಿ ಓದುವುದು ಆ ಬೋರ್ಡಿನ ಮೇಲೆಯೇ. ಆ ಮಗು ತಾತನಾಗಿ ಬಂದಾಗಲೂ ಅದೇ ಹೆಸರು ಅಲ್ಲಿ ಸರಿಯಾಗಿ ಕಾಣುವಂತಿದ್ದರೆ, ಕಾಣಿಕೆಯ ಹಣ ಸಾರ್ಥಕವಾಯಿತೆಂದೇ ತಿಳಿಯಬೇಕು.