ಐದು ಕಿಲೋ ಕಡಿಮೆ ಬರೆದ ಫಲಕ

ಇಟಲಿಯ ಇವೆಕೊ ಡೈಲಿ, ಜಪಾನಿನ ಫೂಸೊ ಕ್ಯಾಂಟರ್. ತಯಾರಿಸಿದವರು ಬೇರೆ, ಚಾಸಿಸ್ ಬೇರೆ. ಆದರೂ ಇವುಗಳ ಫೋರ್ ವ್ಹೀಲ್ ಡ್ರೈವ್ ಮಾದರಿಗಳು ಆಸ್ಟ್ರೇಲಿಯಾದಲ್ಲಿ ಮಾರಾಟಕ್ಕೆ ನಿಂತಾಗ ಬಾಗಿಲ ಬಳಿಯ ಫಲಕದಲ್ಲಿ ಒಂದೇ ಅಂಕಿ ಕಾಣಿಸಿಕೊಂಡಿದ್ದುಂಟು: 4,495 ಕಿಲೋ. ಆ ಅಂಕಿ ಕಬ್ಬಿಣದ ಬಲವನ್ನು ಅಳೆದು ಬಂದದ್ದಲ್ಲ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಕಾರ್ ಲೈಸೆನ್ಸ್ 4,500 ಕಿಲೋಗೆ ಮುಗಿಯುತ್ತದೆ. ಆ ಗೆರೆಯಿಂದ ಐದು ಕಿಲೋ ಈಚೆ ನಿಂತು ಬರೆಸಿಕೊಂಡ ಅಂಕಿ ಅದು.

ಆ ದೇಶದ ಭಾರಿ ಯೂಟ್‌ಗಳ ಕಥೆಯನ್ನು ಎಂಜಿನ್ನಿನ ಕಡೆಯಿಂದ ಹೇಳುವವರು ಬಹಳ. ನನಗೆ ಆ ಫಲಕದ ಕಡೆಯಿಂದ ಹೇಳುವುದೇ ಹೆಚ್ಚು ಸರಿ ಅನ್ನಿಸಿದೆ. ಗಾಡಿಗೆ ಕಾನೂನು ಮಾಡಿದ್ದಕ್ಕಿಂತ ಕಾನೂನಿಗೆ ಗಾಡಿ ಮಾಡಿದ್ದೇ ಅಲ್ಲಿ ಹೆಚ್ಚು.

ಯೂಟ್ ಎಂದರೆ ಯುಟಿಲಿಟಿ ಎಂಬ ಮಾತಿನ ಮೊಟಕು. ನಮ್ಮಲ್ಲಿ ಪಿಕಪ್ ಅನ್ನುತ್ತೇವಲ್ಲ, ಅದೇ ಜಾತಿ. ವಿಕ್ಟೋರಿಯಾ ರಾಜ್ಯದ ರೈತ ಹೆಂಗಸೊಬ್ಬಳು ಫೋರ್ಡ್ ಕಂಪನಿಗೆ ಕಾಗದ ಬರೆದು, ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿ ಹೇರಿಕೊಂಡು ಸಂತೆಗೆ ಹೋಗಲೂ ಆಗುವಂಥ ಒಂದು ಗಾಡಿ ಮಾಡಿಕೊಡಿ ಎಂದಳಂತೆ. ಗೀಲಾಂಗ್ ಕಾರ್ಖಾನೆಯ ಲ್ಯೂ ಬ್ಯಾಂಡ್ಟ್ ಎಂಬ ಯುವಕ ಕಾರಿನ ಮುಂಭಾಗಕ್ಕೆ ತೆರೆದ ತೊಟ್ಟಿಯನ್ನು ಒಂದೇ ಮೈಯಾಗಿ ಬೆಸೆದ. 1934ರಲ್ಲಿ ಅದು ಮಾರುಕಟ್ಟೆಗೆ ಬಂತು. 1951ರಲ್ಲಿ ಹೋಲ್ಡನ್ ಕೂಡ ತನ್ನ ಯೂಟ್ ತಂದಿತು. ಕಾಗದದ ಕಥೆಗೆ ಉಪ್ಪುಖಾರ ಎಷ್ಟು ಸೇರಿದೆಯೋ, ಗಾಡಿ ಮಾತ್ರ ನಿಜ. ಇವೆಲ್ಲ ಕಾರಿನಷ್ಟೇ ಹಗುರದವು. ಲೈಸೆನ್ಸಿನ ಪ್ರಶ್ನೆಯೇ ಏಳುತ್ತಿರಲಿಲ್ಲ.

ಭಾರ ಬಂದದ್ದು ಬೆಟ್ಟದಿಂದ. 1949ರಲ್ಲಿ ಶುರುವಾದ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯ ಕೆಸರು, ಹಿಮ, ಕಡಿದಾದ ಏರುಗಳಲ್ಲಿ ಕಾರಿನ ಮೈಯ ಗಾಡಿ ನಡೆಯಲಿಲ್ಲ. ಗುತ್ತಿಗೆದಾರ ಲೆಸ್ಲಿ ತೀಸ್ 1950ರ ದಶಕದ ಕೊನೆಗೆ ಜಪಾನಿನಿಂದ ಟೊಯೋಟ ಲ್ಯಾಂಡ್‌ಕ್ರೂಸರ್ ತರಿಸಿದ. ಅಲ್ಲಿಂದ ಗಣಿ, ಕುರಿ-ದನಗಳ ದೊಡ್ಡ ಫಾರ್ಮ್, ಒಳನಾಡಿನ ಮಣ್ಣು ರಸ್ತೆ ಎಲ್ಲ ಲ್ಯಾಂಡ್‌ಕ್ರೂಸರ್ ಪಾಲಾದವು. 1984ರ 70 ಸರಣಿ ಇವತ್ತಿಗೂ ಮಾರಾಟವಾಗುತ್ತಿದೆ. 2007ರಲ್ಲಿ ಅದಕ್ಕೆ ವಿ8 ಡೀಸೆಲ್ ಎಂಜಿನ್ ಕೂರಿಸಲು ಮುಂಭಾಗ ಅಗಲಿಸಿದರು, ಹಿಂಭಾಗ ಇದ್ದ ಹಾಗೇ ಬಿಟ್ಟರು. ಹೀಗಾಗಿ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಕೂರುವುದಿಲ್ಲ. ಮರಳಿನಲ್ಲಿ ಓಡಿದ ಗುರುತು ನೋಡಿದರೇ ಯಾವ ಗಾಡಿ ಎಂದು ಗೊತ್ತಾಗುತ್ತದೆ.

ಇನ್ನೊಂದು ಕಡೆ, 2005ರ ಜನವರಿಯಲ್ಲಿ ಥಾಯ್ಲೆಂಡ್ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾದ ಮೇಲೆ ಅಲ್ಲಿ ತಯಾರಾದ ನಾಲ್ಕು ಬಾಗಿಲ ಯೂಟ್‌ಗಳು ಸುಂಕವಿಲ್ಲದೆ ಬಂದವು. 2016ರಲ್ಲಿ ಅವುಗಳಲ್ಲೊಂದಾದ ಟೊಯೋಟ ಹೈಲಕ್ಸ್ ಇಡೀ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಗಾಡಿ. ಆ ವರ್ಷವೇ ಫೋರ್ಡ್, ಮರುವರ್ಷ ಹೋಲ್ಡನ್ ಸ್ಥಳೀಯ ಕಾರ್ಖಾನೆಗಳಿಗೆ ಬೀಗ ಹಾಕಿದವು. ಕಾರಿನ ಮೈಯ ಯೂಟ್ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಏಣಿಯಂಥ ಚಾಸಿಸ್ ಮೇಲೆ ನಿಂತ, ಟ್ರಕ್ಕಿನ ನೆಂಟಸ್ತಿಕೆಯ ಗಾಡಿಗಳು.

ಈಗ ಕಾನೂನಿಗೆ ಬರೋಣ. ಅಲ್ಲಿ ಲೈಸೆನ್ಸ್ ಕೊಡುವುದು ರಾಜ್ಯಗಳು. ಒಂದೊಂದು ರಾಜ್ಯದಲ್ಲಿ ಒಂದೊಂದು ವರ್ಗ, ಒಂದೊಂದು ಮಿತಿ ಇದ್ದ ಕಾಲ ಬಹಳ ಹಿಂದಿನದೇನಲ್ಲ. 1991ರಲ್ಲಿ ರಾಷ್ಟ್ರೀಯ ರಸ್ತೆ ಸಾರಿಗೆ ಆಯೋಗ ಹುಟ್ಟಿದ ಮೇಲೆ ಇದನ್ನೆಲ್ಲ ಒಂದು ಅಚ್ಚಿಗೆ ತರುವ ಕೆಲಸ ನಡೆಯಿತು. ಇವತ್ತಿನ ಲೆಕ್ಕ ಹೀಗೆ: ‘ಸಿ’ ಎಂದರೆ ಕಾರ್ ಲೈಸೆನ್ಸ್, ಜಿವಿಎಂ 4.5 ಟನ್‌ವರೆಗೆ, ಚಾಲಕನೂ ಸೇರಿ 12 ಸೀಟಿನವರೆಗೆ. ಅದರಾಚೆ 8 ಟನ್‌ವರೆಗೆ ‘ಎಲ್‌ಆರ್’, ಅಂದರೆ ಲೈಟ್ ರಿಜಿಡ್. ಕನಿಷ್ಠ ಒಂದು ವರ್ಷ ಕಾರ್ ಲೈಸೆನ್ಸ್ ಇಟ್ಟುಕೊಂಡವರು ಮಾತ್ರ ಅದಕ್ಕೆ ಅರ್ಜಿ ಹಾಕಬಹುದು. ಅದರ ಮೇಲಿನವು ನಿಜವಾದ ಲಾರಿಗಳು, ಅವುಗಳ ಗೊಡವೆ ಇಲ್ಲಿ ಬೇಡ.

ಜಿವಿಎಂ ಎಂದರೆ ಗಾಡಿ, ಎಣ್ಣೆ, ಜನ, ಸಾಮಾನು ಎಲ್ಲ ಸೇರಿ ದಾಟಬಾರದ ತೂಕ. ನಮ್ಮ ಆರ್‌ಸಿಯಲ್ಲಿ ಜಿವಿಡಬ್ಲ್ಯು ಎಂದಿರುತ್ತದಲ್ಲ, ಅದೇ. ಲೈಸೆನ್ಸ್ ನೋಡುವುದು ಫಲಕದ ತೂಕವನ್ನು, ಆ ಹೊತ್ತಿನ ಹೊರೆಯನ್ನಲ್ಲ. 5.2 ಟನ್ ಎಂದು ಬರೆದ ಇವೆಕೊವನ್ನು ಪೂರ್ತಿ ಖಾಲಿಯಾಗಿ ಓಡಿಸಿದರೂ ಎಲ್‌ಆರ್ ಬೇಕು. ಅದೇ ಗಾಡಿಗೆ 4,495ರ ಫಲಕವಿದ್ದರೆ ಮೊನ್ನೆ ಮೊನ್ನೆ ಕಾರ್ ಲೈಸೆನ್ಸ್ ಪಡೆದವನೂ ಓಡಿಸಬಹುದು. ಹೀಗೆ ಇರುವ ಶಕ್ತಿಗಿಂತ ಕಡಿಮೆ ಬರೆಸುವುದಕ್ಕೆ ಅಲ್ಲಿ ‘ಡಿರೇಟ್’ ಮಾಡುವುದು ಅನ್ನುತ್ತಾರೆ.

2014ರ ಫೆಬ್ರುವರಿ 10ರಂದು ಜಾರಿಗೆ ಬಂದ ರಾಷ್ಟ್ರೀಯ ಭಾರಿ ವಾಹನ ಕಾನೂನು ಈ ಗೆರೆಯನ್ನು ಇನ್ನೂ ದಪ್ಪ ಮಾಡಿತು. 4.5 ಟನ್ ದಾಟಿದ್ದೆಲ್ಲ ‘ಭಾರಿ ವಾಹನ’. ಪಶ್ಚಿಮ ಆಸ್ಟ್ರೇಲಿಯಾ ಮತ್ತು ನಾರ್ದರ್ನ್ ಟೆರಿಟರಿ ಈ ಕಾನೂನಿಗೆ ಸೇರಲಿಲ್ಲ. ಭಾರಿ ಯೂಟ್‌ಗಳಿಗೆ ದಿನನಿತ್ಯದ ಕೆಲಸವಿರುವ ಗಣಿ, ಮರುಭೂಮಿ ಬಹುಪಾಲು ಅಲ್ಲೇ ಇರುವುದು ತಮಾಷೆ. ದೇಶದ ರಸ್ತೆ ನಿಯಮಗಳಲ್ಲಿ ಇನ್ನೊಂದಿದೆ: ಭಾರಿ ವಾಹನವನ್ನು ಜನವಸತಿ ಪ್ರದೇಶದ ರಸ್ತೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ನಿಲ್ಲಿಸುವ ಹಾಗಿಲ್ಲ. ಆ ಐದು ಕಿಲೋದ ಬೆಲೆ ಈಗ ಗೊತ್ತಾಯಿತಲ್ಲ. ಫಲಕದಲ್ಲಿ 4,495 ಇದ್ದರೆ ರಾತ್ರಿ ಗಾಡಿ ಮನೆ ಮುಂದೆ ನಿಲ್ಲುತ್ತದೆ, 5,200 ಇದ್ದರೆ ಜಾಗ ಹುಡುಕಬೇಕು.

ಮೇಲಿನವರು ಹೀಗೆ ಕೆಳಗಿಳಿದರೆ ಕೆಳಗಿನವರು ಮೇಲಕ್ಕೆ ಹತ್ತುತ್ತಿದ್ದಾರೆ. ಮೂರು ಟನ್ ಆಸುಪಾಸಿನ ಯೂಟ್ ಕೊಂಡವರು ಬಲವಾದ ಸ್ಪ್ರಿಂಗ್, ಬೇರೆ ಶಾಕ್ ಅಬ್ಸಾರ್ಬರ್ ಹಾಕಿಸಿ ‘ಜಿವಿಎಂ ಅಪ್‌ಗ್ರೇಡ್’ ಮಾಡಿಸುತ್ತಾರೆ. ಪ್ರಮಾಣಪತ್ರದೊಂದಿಗೆ ಹೊಸ ಫಲಕವೂ ಬರುತ್ತದೆ. ಇದು ಈಗ ದೊಡ್ಡ ಉದ್ಯಮ. ಮೊದಲ ನೋಂದಣಿಗೆ ಮುಂಚೆ ಮಾಡಿಸಿದರೆ ಕೇಂದ್ರದ ನಿಯಮ, ಆಮೇಲೆ ಮಾಡಿಸಿದರೆ ರಾಜ್ಯದ ನಿಯಮ. 2021ರ ಜುಲೈಯಲ್ಲಿ 1989ರ ಹಳೆಯ ಕಾಯ್ದೆ ಹೋಗಿ ರಸ್ತೆ ವಾಹನ ಮಾನದಂಡಗಳ ಕಾಯ್ದೆ ಬಂದು ಕೇಂದ್ರದ ದಾರಿ ಬದಲಾಯಿತು. ಆದರೆ ಸ್ಪ್ರಿಂಗ್ ಬದಲಿಸಿದ ಮಾತ್ರಕ್ಕೆ ಚಾಸಿಸ್, ಆಕ್ಸಲ್, ಬ್ರೇಕ್ ಹೊಸದಾಗುವುದಿಲ್ಲ. ತೊಟ್ಟಿಯ ತುದಿಯಲ್ಲಿ ಭಾರ ಹೇರಿ ಗುಂಡಿಗೆ ಇಳಿಸಿದಾಗ ಕ್ಯಾಬಿನ್ ಹಿಂದೆ ಚಾಸಿಸ್ ಬಾಗಿದ ಯೂಟ್‌ಗಳ ಚಿತ್ರಗಳು ಅಲ್ಲಿನ ಫೋರ್ ವ್ಹೀಲ್ ಡ್ರೈವ್ ಮಂದಿಗೆಲ್ಲ ಪರಿಚಿತ.

ಟೊಯೋಟ 2022ರಲ್ಲಿ ತಾನೇ ಒಂದು ಹೆಜ್ಜೆ ಹತ್ತಿತು. ಲ್ಯಾಂಡ್‌ಕ್ರೂಸರ್ 70ರ ಜಿವಿಎಂ 3,510 ಕಿಲೋ ಎಂದು ಬರೆಸಿತು. ಈ ಸಲ ಗೆರೆ 3.5 ಟನ್ನಿನದು, ಅದನ್ನು ಹತ್ತು ಕಿಲೋ ದಾಟಿ ಆಚೆ ನಿಂತದ್ದು. ಅದರಾಚೆ ಗಾಡಿ ‘ಹಗುರ ಸರಕು ವಾಹನ’ ಹೋಗಿ ‘ಮಧ್ಯಮ ಸರಕು ವಾಹನ’ವಾಗುತ್ತದೆ. ಪಕ್ಕದಿಂದ ಕಂಬಕ್ಕೆ ಗುದ್ದುವ ಸುರಕ್ಷತಾ ಪರೀಕ್ಷೆಯ ಹೊಸ ನಿಯಮದಿಂದ ತಪ್ಪಿಸಿಕೊಳ್ಳುವ ಉಪಾಯ ಇದು ಎಂದು ವಾಹನ ಪತ್ರಿಕೆಗಳು ಬರೆದವು. ಒಬ್ಬರಿಗೆ ಐದು ಕಿಲೋ ಕಡಿಮೆ ಬೇಕು, ಇನ್ನೊಬ್ಬರಿಗೆ ಹತ್ತು ಕಿಲೋ ಹೆಚ್ಚು. ತಕ್ಕಡಿಗಿಂತ ಪೆನ್ನಿಗೇ ಇಲ್ಲಿ ಕೆಲಸ ಜಾಸ್ತಿ.

ಎಳೆಯುವ ಲೆಕ್ಕದಲ್ಲಿ ಎಡವುವವರು ಇನ್ನೂ ಹೆಚ್ಚು. ‘3.5 ಟನ್ ಎಳೆಯುತ್ತದೆ’ ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುತ್ತದೆ. ಗಾಡಿ ಮತ್ತು ಟ್ರೇಲರ್ ಎರಡೂ ಕೂಡಿ ದಾಟಬಾರದ ತೂಕ, ಅಂದರೆ ಜಿಸಿಎಂ, ಸಣ್ಣಕ್ಷರದಲ್ಲಿ. ಜಿಸಿಎಂ 6,000 ಕಿಲೋ ಇರುವ ಯೂಟ್ ಪೂರ್ತಿ 3,500 ಕಿಲೋ ಎಳೆದರೆ ಗಾಡಿಗೆ ಉಳಿಯುವುದು 2,500. ಅದರ ಸ್ವಂತ ತೂಕವೇ 2,200 ಆದರೆ ಗಂಡ, ಹೆಂಡತಿ, ಮಕ್ಕಳು, ಸಾಮಾನು ಎಲ್ಲಕ್ಕೂ 300 ಕಿಲೋ ಮಾತ್ರ. ಜೊತೆಗೆ ಟ್ರೇಲರಿನ ಮೂತಿ ಹಿಂದಿನ ಕೊಕ್ಕೆಯ ಗುಂಡಿನ ಮೇಲೆ 350 ಕಿಲೋ ಊರಿ ಕೂರುತ್ತದೆ. ಏತದ ಹಾಗೆ ಯೋಚಿಸಿ: ಚಕ್ರಗಳ ನಡುವಿನ ಅಂತರ 3.2 ಮೀಟರ್, ಗುಂಡು ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹೊರಗೆ ಇದ್ದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು ಸುಮಾರು 480 ಕಿಲೋ. ಮುಂದಿನ ಚಕ್ರಗಳು 130 ಕಿಲೋದಷ್ಟು ಹಗುರಾಗುತ್ತವೆ. ಸ್ಟೀರಿಂಗ್ ಸಡಿಲವೆನಿಸುವುದು ಆಗಲೇ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ದಾಟಿರಬಹುದು, ಅದೂ ತಪ್ಪೇ.

4,500ರ ಗೆರೆ ಪ್ರಕೃತಿ ನಿಯಮವೇನಲ್ಲ. ಪಕ್ಕದ ನ್ಯೂಜಿಲೆಂಡಿನಲ್ಲಿ ಕಾರ್ ಲೈಸೆನ್ಸಿಗೆ 6,000 ಕಿಲೋವರೆಗೆ ಅವಕಾಶ. ಬ್ರಿಟನ್ನಿನಲ್ಲಿ 1997ಕ್ಕೆ ಮುಂಚೆ ಪಾಸಾದವರು 7.5 ಟನ್ ಓಡಿಸಬಹುದು, ಆಮೇಲಿನವರಿಗೆ ಮೂಲ ಮಿತಿ 3.5 ಟನ್. ನಮ್ಮಲ್ಲಿ ಎಲ್‌ಎಂವಿ ಎಂದರೆ 7,500 ಕಿಲೋವರೆಗೆ; 1994ರ ತಿದ್ದುಪಡಿಗೆ ಮುಂಚೆ ಅದು 6,000 ಇತ್ತು. ಎಲ್‌ಎಂವಿ ಲೈಸೆನ್ಸ್ ಇದ್ದವರು ಅಷ್ಟೇ ತೂಕದ ಸರಕು ವಾಹನವನ್ನೂ ಓಡಿಸಬಹುದೇ ಎಂಬ ವಿಮಾ ಕಂಪನಿಗಳ ತಕರಾರಿಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ‘ಬಹುದು’ ಎಂದಿತು. ನಮ್ಮೂರ ರಸ್ತೆಯಲ್ಲಿ ಟೊಮೆಟೊ ಹೇರಿಕೊಂಡು ಹೋಗುವ ಕ್ಯಾಂಟರ್‌ಗೆ ಆ ಹೆಸರು ಬಂದದ್ದು ಐಷರ್ ಕಂಪನಿ 1980ರ ದಶಕದಲ್ಲಿ ಮಿತ್ಸುಬಿಷಿ ಜೊತೆ ಸೇರಿ ತಯಾರಿಸಿದ ಗಾಡಿಯಿಂದ. ಅದೇ ವಂಶದ ಫೋರ್ ವ್ಹೀಲ್ ಡ್ರೈವ್ ಕ್ಯಾಂಟರ್ ಮೇಲೆ ಆಸ್ಟ್ರೇಲಿಯಾದವರು ಅಡುಗೆಮನೆ, ಹಾಸಿಗೆ ಎಲ್ಲ ಕಟ್ಟಿಕೊಂಡು ಮರುಭೂಮಿ ಸುತ್ತುತ್ತಾರೆ. ಕಟ್ಟಿದ್ದೆಲ್ಲ ಸೇರಿ 4,200 ಆಗಿಬಿಟ್ಟರೆ, 4,495ರ ಫಲಕದ ಕೆಳಗೆ ಮನುಷ್ಯರಿಗೂ ನೀರಿಗೂ ಉಳಿಯುವುದು 295 ಕಿಲೋ. ಕೆಳಗಿನ ಚಾಸಿಸ್ ಇನ್ನೂ ಎರಡು ಟನ್ ಹೊರಬಲ್ಲದು, ಹೊರುವ ಹಾಗಿಲ್ಲ.

ಮೆಲ್ಬರ್ನ್‌ನಲ್ಲಿರುವ ನನ್ನ ಸೋದರತ್ತೆಯ ಮಗನದು ಇಷ್ಟು ದೊಡ್ಡ ಗಾಡಿಯಲ್ಲ, ನಾಲ್ಕು ಬಾಗಿಲ ಯೂಟ್, ಜಿವಿಎಂ 3,200. ನಾವು ಒಳನಾಡಿನ ಪ್ರವಾಸಕ್ಕೆ ಹೊರಟಾಗ ದಾರಿಯ ಒಂದು ಊರಲ್ಲಿ ಗೋದಿ ಲಾರಿಗಳ ಹಿಂದೆ ಸಾಲು ನಿಂತು ವೇಬ್ರಿಡ್ಜ್ ಹತ್ತಿಸಿದ. ಚೀಟಿಯಲ್ಲಿ 3,260 ಬಂತು. ಬಾನೆಟ್ ಮೇಲೆ ಚೀಟಿ ಇಟ್ಟುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಗಾಡಿ 2,200. ಬುಲ್ ಬಾರ್, ವಿಂಚ್ 100. ತೊಟ್ಟಿಯ ಮೇಲಿನ ಕ್ಯಾನಪಿ 200. ಫ್ರಿಜ್, ಡ್ರಾಯರ್ 100. ಎರಡನೇ ಬ್ಯಾಟರಿ 40. ಮೇಲಿನ ಟೆಂಟ್ 60. ಐದು ಜನ 350. ಬ್ಯಾಗು, ದಿನಸಿ 130. ನೀರು 80.

“ಯಾವುದನ್ನ ಇಳಿಸ್ತೀಯೋ?” ಅಂದೆ.

“ನಿನ್ನನ್ನ ಇಳಿಸಿದ್ರೆ ಸರಿಹೋಗತ್ತೆ ಕಣೋ,” ಅಂದ. ಆಮೇಲೆ ಹಿಂದೆ ಹೋಗಿ ಬಗ್ಗಿ ಟ್ಯಾಂಕಿನ ನಲ್ಲಿ ತಿರುಗಿಸಿದ. ಕೆಂಪು ಮಣ್ಣಿನ ಮೇಲೆ ನೀರು ಹರಿಯತೊಡಗಿತು. ಅರವತ್ತು ಲೀಟರ್ ಖಾಲಿಯಾಗುವವರೆಗೂ ನಾವು ಅದನ್ನೇ ನೋಡುತ್ತಾ ನಿಂತಿದ್ದೆವು.