ಸವೆದ ಬಿಲ್ಲೆಯ ಸಾಕ್ಷ್ಯ

1918ನೆಯ ಇಸವಿಯ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣದ ಮೇಲೆ, ಯಂತ್ರಬಂದೂಕುಗಳಿಗೆ ಇದಿರಾಗಿ ಭರ್ಜಿ ಖಡ್ಗಗಳನ್ನು ಹಿಡಿದು ಕುದುರೆಗಳನ್ನು ದೌಡಾಯಿಸಿದ ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರ್ ದಳಗಳ ಪರಾಕ್ರಮವನ್ನು ನಮ್ಮ ಜನ ಇನ್ನೂ ಮರೆತಿಲ್ಲ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬನು ಮೈಸೂರಿನ ದಳವನ್ನು ಪ್ರತಿನಿಧಿಸುತ್ತಾನೆಂಬುದನ್ನೂ ಬಲ್ಲವರು ಬಲ್ಲರು. ಆದರೆ 1953ರಲ್ಲಿ ಆ ದಳವು 61ನೆಯ ಅಶ್ವದಳದಲ್ಲಿ ವಿಲೀನವಾದಂದಿನಿಂದ, ಗಂಡಭೇರುಂಡವನ್ನು ಹೊತ್ತ ಅದರ ಹಳೆಯ ಬಿಲ್ಲೆಗಳಿಗೆ ಧರಿಸುವ ಯೋಧನಿಲ್ಲ; ಅವಕ್ಕೆ ಉಳಿದಿರುವುದು ಹಳೆಯ ಮನೆಯ ಟ್ರಂಕು, ಸಂಗ್ರಾಹಕನ ಪೆಟ್ಟಿಗೆ, ವ್ಯಾಪಾರಿಯ ತಟ್ಟೆ, ಇಷ್ಟೆ. ಅಂಥ ಒಂದು ಬಿಲ್ಲೆ ಕೈಗೆ ಬಂದಾಗ ವಿಚಾರವಂತನ ಮನಸ್ಸಿನಲ್ಲಿ ಏಳತಕ್ಕ ಪ್ರಶ್ನೆ ಅದರ ಬೆಲೆಯೆಷ್ಟೆಂಬುದಲ್ಲ. ಇದನ್ನು ಯಾರಾದರೊಬ್ಬ ಸಿಪಾಯಿ ನಿಜವಾಗಿ ಧರಿಸಿದ್ದನೆ ಎಂಬುದು.

ಬ್ರಿಟಿಷ್ ಮತ್ತು ಭಾರತೀಯ ಸೈನ್ಯಗಳ ಲಾಂಛನಗಳಲ್ಲಿ ಕಾಲವನ್ನು ಮೊದಲು ನುಡಿಯುವುದು ಕಿರೀಟ. 1901ರಲ್ಲಿ ವಿಕ್ಟೋರಿಯಾ ರಾಣಿ ತೀರಿಹೋಗಿ ಏಳನೆಯ ಎಡ್ವರ್ಡ್ ಪಟ್ಟಕ್ಕೆ ಬಂದ ತರುವಾಯ, ಗುಮ್ಮಟದಂತೆ ಉಬ್ಬಿದ ಕಮಾನುಗಳ ಟ್ಯೂಡರ್ ಕಿರೀಟವು ಬಿಲ್ಲೆಗಳನ್ನೇರಿತು; ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಕಾಲಕ್ಕೆ ಅದು ತೊಲಗಿ, ನಡುವೆ ತಗ್ಗಿದ ಕಮಾನುಗಳ ಸಂತ ಎಡ್ವರ್ಡನ ಕಿರೀಟ ಬಂದಿತು. ನಮ್ಮ ದೇಶದಲ್ಲಿಯಾದರೋ 1950ರ ಜನವರಿ 26ರ ಗಣರಾಜ್ಯದೊಡನೆ ಅಧಿಕಾರಿಗಳ ಭುಜದ ಮೇಲಣ ಕಿರೀಟವು ಅಶೋಕನ ಸಿಂಹಗಳಿಗೂ, ಬಾತ್ ಪದವಿಯ ತಾರೆಯು ಐದು ಮೊನೆಯ ನಕ್ಷತ್ರಕ್ಕೂ ಎಡೆಗೊಟ್ಟವು. ಆದಕಾರಣ, ಬರ್ಮಾ ಯುದ್ಧದ್ದೆಂದು ಹೇಳಿ ತೋರಿಸುವ ಅಂಗಿಯ ಮೇಲೆ ಐದು ಮೊನೆಯ ನಕ್ಷತ್ರವಿದ್ದರೆ ಹೆಚ್ಚಿನ ವಿಚಾರಣೆ ಬೇಕಿಲ್ಲ. ಆದರೂ ಕಿರೀಟವೊಂದನ್ನೇ ನಂಬುವಂತಿಲ್ಲ. 2022ರಲ್ಲಿ ಮೂರನೆಯ ಚಾರ್ಲ್ಸ್ ದೊರೆಯು ತನ್ನ ರಾಜಮುದ್ರೆಗೆ ಟ್ಯೂಡರ್ ಕಿರೀಟವನ್ನೇ ಮರಳಿ ಆರಿಸಿಕೊಂಡಿರುವನಾದ್ದರಿಂದ, ಮುಂದಿನ ತಲೆಮಾರಿನ ಪರೀಕ್ಷಕನಿಗೆ ಇದು ಹೊಸ ತೊಡಕಾಗುವುದು ಖಂಡಿತ.

ಲೋಹಕ್ಕೂ ತನ್ನದೇ ಚರಿತ್ರೆಯುಂಟು. ಎರಡು ಲೋಹಗಳಿಂದ ಮಾಡುತ್ತಿದ್ದ ಬ್ರಿಟಿಷ್ ಬಿಲ್ಲೆಗಳನ್ನು 1916ರಲ್ಲಿ ಯುದ್ಧದ ಮಿತವ್ಯಯಕ್ಕಾಗಿ ಬರಿಯ ಹಿತ್ತಾಳೆಯಲ್ಲಿ ಒತ್ತಿದರು. ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆಯೂ ದುರ್ಲಭವಾಗಿ ಪ್ಲಾಸ್ಟಿಕ್ ಬಿಲ್ಲೆಗಳು ಹುಟ್ಟಿದವು. ಠಸೆಯಿಂದ ಒತ್ತಿದ ಬಿಲ್ಲೆಯಲ್ಲಿ ರೇಖೆಗಳು ಚೂಪಾಗಿರುತ್ತವೆ. ಅಸಲನ್ನು ಮಣ್ಣಿಗೊತ್ತಿ ಎರಕ ಹೊಯ್ದ ನಕಲಿನಲ್ಲಿ ಅವು ಮೊಂಡಾಗಿ, ಮೈಯೆಲ್ಲ ಸೂಜಿಮೊನೆಯಷ್ಟು ಕುಳಿಗಳಾಗಿ, ಎರಕ ತಣಿಯುವಾಗ ಕುಗ್ಗುವುದರಿಂದ ಅಳತೆಯೂ ಒಂದೆಳ್ಳಷ್ಟು ಕಿರಿದಾಗುತ್ತದೆ. ಹಳೆಯ ಠಸೆಯಿಂದಲೇ ಅನಂತರ ಒತ್ತಿದ ಬಿಲ್ಲೆಗಳಲ್ಲಿ ಮಾತ್ರ ಈ ಯಾವ ದೋಷವೂ ಕಾಣದು. ಅಲ್ಲಿ ಉಳಿಯುವ ಸಾಕ್ಷಿ ಸವೆತವೊಂದೇ.

ಸವೆತವನ್ನು ಓದುವುದು ನಿಜವಾಗಿ ಒಂದು ವಿದ್ಯೆ. ಪ್ರತಿದಿನ ಕವಾಯತಿಗೆ ಮುನ್ನ ಪಾಲಿಷು ಹಚ್ಚಿ ಬಟ್ಟೆಯಿಂದ ತಿಕ್ಕಿದ ಬಿಲ್ಲೆಯಲ್ಲಿ, ಹಕ್ಕಿಯ ಕೊಕ್ಕು, ಸಿಂಹದ ಮೂಗು ಮುಂತಾದ ಎತ್ತರದ ಭಾಗಗಳು ದೇವಸ್ಥಾನದ ಹೊಸ್ತಿಲಿನಂತೆ ಮೆಲ್ಲನೆ ಕರಗಿರುತ್ತವೆ; ತಗ್ಗುಗಳಲ್ಲಿ ಒಣಗಿದ ಪಾಲಿಷು ಬೆಳ್ಳಗೆ ನಿಂತಿರುತ್ತದೆ; ಬೆವರು ತಾಕಿದ ಹಿಂಬದಿ ಕಪ್ಪಾಗಿ, ಅಲ್ಲಲ್ಲಿ ಕಿಲುಬು ಹಿಡಿದಿರುತ್ತದೆ. ವಂಚಕನು ಮರಳುಕಾಗದದಿಂದ ಒಂದೇ ಗಳಿಗೆಯಲ್ಲಿ ಮಾಡಿದ ಸವೆತವಾದರೋ ಉಬ್ಬು ತಗ್ಗುಗಳೆಂಬ ಭೇದವಿಲ್ಲದೆ ಹರಡಿ, ಭೂತಗನ್ನಡಿಯ ಕೆಳಗೆ ಒಂದೇ ದಿಕ್ಕಿನ ಗೀರುಗಳನ್ನು ತೋರುತ್ತದೆ. ಹತ್ತು ವರ್ಷದ ಕೈಯನ್ನು ಹತ್ತು ನಿಮಿಷದ ಕೈ ಅನುಕರಿಸಲಾರದು.

ಬಟ್ಟೆಯ ಬಿಲ್ಲೆಗಳಲ್ಲಿ ವಿಚಾರ ಇನ್ನೂ ಸೂಕ್ಷ್ಮ. ನಾಲ್ಕನೆಯ ಭಾರತೀಯ ಡಿವಿಷನ್ನಿನ ಕೆಂಪು ಹದ್ದನ್ನೋ ಹದಿನೇಳನೆಯದರ ಕಪ್ಪು ಬೆಕ್ಕನ್ನೋ ತೋಳಿನ ಮೇಲೆ ಕಂಡಾಗ ಅಂಚನ್ನು ಕೊಂಚ ಎತ್ತಿ ನೋಡಬೇಕು: ಸುತ್ತಣ ಖಾಕಿ ಬಿಸಿಲಿಗೆ ಮಾಸಿದ್ದು ಅಡಿಯ ಬಟ್ಟೆ ಮಾಸದೆ ಉಳಿದಿದೆಯೆ, ಹೊಲಿಗೆಯ ದಾರ ಅಂಗಿಯಷ್ಟೇ ಬಣ್ಣಗೆಟ್ಟಿದೆಯೆ, ಹೊಂದಿಕೆಯಿಲ್ಲದ ಹಳೆಯ ಸೂಜಿರಂಧ್ರಗಳಿವೆಯೆ ಎಂದು. ಹೊಲಿಗೆ ಒರಟಾಗಿದ್ದರೆ ಅಸಲು, ನಯವಾಗಿದ್ದರೆ ನಕಲು ಎಂಬ ಅವಸರದ ತೀರ್ಪು ಸಲ್ಲದು. ದಳದ ದರ್ಜಿ ಹೊಲಿದದ್ದೂ ಉಂಟು, ಗುಡಾರದ ಬೆಳಕಿನಲ್ಲಿ ಸಿಪಾಯಿಯೇ ಹೊಲಿದುಕೊಂಡದ್ದೂ ಉಂಟು. ನೇರಳಾತೀತ ದೀಪದ ಕೆಳಗೆ ದಾರ ಬೆಳ್ಳಗೆ ಹೊಳೆದರೆ, ಯುದ್ಧಾನಂತರ ಬಳಕೆ ಹೆಚ್ಚಿದ ಬೆಳಪುಕಾರಕ ದ್ರವ್ಯ ಅದರಲ್ಲಿದೆಯೆಂದು ಶಂಕಿಸಬೇಕು. ಶಂಕೆ ಮಾತ್ರ, ನಿರ್ಣಯವಲ್ಲ. ಅಸಲಾದ ಅಂಗಿಯನ್ನು ಮನೆಯವರು ಮುಂದೆಂದೋ ಹೊಸ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಅದು ಹೊಳೆಯುತ್ತದೆ. ಬಿಡಿ ಎಳೆಯೊಂದನ್ನು ಉರಿಗೆ ಹಿಡಿದಾಗ ಹತ್ತಿಯಾದರೆ ಬೂದಿಯಾಗುತ್ತದೆ, ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ. ಕರಗಿ ಗಟ್ಟಿ ಮಣಿಯಾಗುವ ಪಾಲಿಯೆಸ್ಟರು 1941ರಲ್ಲಿ ಶೋಧವಾಗಿ 1950ರ ದಶಕದಲ್ಲಿ ಪೇಟೆಗೆ ಬಂದ ವಸ್ತುವಾದ್ದರಿಂದ ಮಹಾಯುದ್ಧದ ತೋಳಿನ ಮೇಲೆ ಅದಕ್ಕೆ ಸ್ಥಾನವಿಲ್ಲ.

ಜರಿಯ ಬಿಲ್ಲೆಗಳ ಮಾತು ಬೇರೆ. ಕಾಶಿಯ ಜರ್ದೋಜಿ ಕುಶಲಕರ್ಮಿಗಳು ವಿದೇಶಗಳ ಸೈನ್ಯಗಳಿಗೂ ಬಿಲ್ಲೆಗಳನ್ನು ಹೊಲಿದುಕೊಟ್ಟವರು. ಸಿಯಾಲ್‌ಕೋಟೆಯಲ್ಲಿಯೂ ಈ ಉದ್ಯಮ ಬೆಳೆದಿದೆ. ಅದೇ ಸೂಜಿ, ಅದೇ ತಂತಿ, ಅದೇ ಮನೆತನದ ಬೆರಳು ಇಂದು ಪ್ರತಿಕೃತಿಗಳನ್ನು ಹೊಲಿದರೆ ಕಸುಬಿನಲ್ಲಿ ಭೇದ ಕಾಣುವುದೆಂತು? ಆ ಕುಶಲಿಗಳಲ್ಲಿ ದೋಷವಿಲ್ಲ. ಹೊಸದನ್ನು ಚಹಾದಲ್ಲಿ ನೆನೆಸಿ, ಸತ್ತ ಸಿಪಾಯಿಯ ಹೆಸರು ಹೇಳಿ ಮಾರುವವನಲ್ಲಿದೆ ದೋಷ. ಒಬ್ಬನ ಬೆವರನ್ನು ಕೃತ್ರಿಮವಾಗಿ ಸೃಷ್ಟಿಸುವುದು ಅವನ ಸೇವೆಯನ್ನೇ ಕದ್ದಂತೆಂದು ನನ್ನ ದೃಢವಾದ ಭಾವನೆ.

ತಾತನದೋ ಮುತ್ತಾತನದೋ ಸೈನಿಕ ಅಂಗಿ ಮನೆಯ ಪೆಟ್ಟಿಗೆಯಲ್ಲಿರುವ ವಾಚಕರು ದಯಮಾಡಿ ಅದನ್ನು ಒಗೆಯದಿರಲಿ, ಹಿತ್ತಾಳೆಯನ್ನು ಹುಣಿಸೆಹಣ್ಣಿನಿಂದ ಬೆಳಗದಿರಲಿ, ಬಿಲ್ಲೆಯ ಹೊಲಿಗೆಯನ್ನು ಬಿಚ್ಚದಿರಲಿ. ಇದ್ದುದನ್ನು ಇದ್ದಂತೆಯೇ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ತೊಟ್ಟವನ ಹೆಸರು, ಊರು, ದಳಗಳನ್ನು ಒಂದು ಕಾಗದದಲ್ಲಿ ಬರೆದು ಜತೆಗಿಡಲಿ.